ಹೆಗಲೇರಿದ ಕಾಯ್ದಾ

ಜುಲೈ ತಿಂಗಳ ಇಳಿಹೊತ್ತು. ಅಮೆರಿಕದ ಯಾವುದೋ ಊರಿನ ಫುಟ್‌ಬಾಲ್ ಕ್ರೀಡಾಂಗಣ. ಒಳಗೆ ಬ್ಯಾಂಡ್‌ಗಳ ಸ್ಪರ್ಧೆ ನಡೆದಿದೆ. ಆದರೂ ಟಿಕೆಟ್ ಕೊಂಡವರಲ್ಲಿ ಒಂದಷ್ಟು ಮಂದಿ ಒಳಗೆ ಹೋಗದೆ ಕಾರು ನಿಲ್ಲಿಸುವ ಬಯಲಿನಲ್ಲೇ ಗುಂಪುಗಟ್ಟಿದ್ದಾರೆ. ನಡುವೆ ಒಂಬತ್ತು ಹುಡುಗ ಹುಡುಗಿಯರು ಹೆಗಲಿನಿಂದ ಡ್ರಮ್ ಇಳಿಬಿಟ್ಟುಕೊಂಡು, ದಾರ ಹಿಡಿದು ನಿಲ್ಲಿಸಿದಂತೆ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಸಾಲಿನ ನಟ್ಟನಡುವಿನವನು ಬಾಯಲ್ಲೇ ‘ಡಟ್, ಡಟ್, ಡಟ್, ಡಟ್’ ಎನ್ನುತ್ತಾನೆ. ಮರುಗಳಿಗೆ ಹದಿನೆಂಟು ಕೋಲು ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ. ಡಾಂಬರಿನ ಮೇಲೆ ಒಂದು ಮೂಟೆ ಗೋಲಿ ಸುರಿದ ಸದ್ದು. ಆದರೆ ಒಂದೊಂದು ಗೋಲಿಯೂ ಲೆಕ್ಕಕ್ಕೆ ಸರಿಯಾಗಿ ಬಿದ್ದ ಸದ್ದು.

ಈಗ ಆ ನಡುವಿನವನು ‘ಡಟ್’ ಬಿಟ್ಟು ‘ಧಾ ಧಾ ತಿಟ, ಧಾ ಧಾ ತಿನಾ’ ಎಂದು ಶುರುಮಾಡಿದರೆ?

ಇದು ಬರಿಯ ತಮಾಷೆಯ ಕಲ್ಪನೆ ಅಲ್ಲ. ತಬಲಾದ ಕಾಯ್ದಾ, ಗತ್, ತಿಹಾಯಿಗಳನ್ನು ಪಾಶ್ಚಾತ್ಯ ಕವಾಯತಿನ ಡ್ರಮ್ಮಿನ ಮೇಲೆ ಕೂರಿಸುವ ಕೆಲಸ ಸುಮಾರು ಅರ್ಧ ಶತಮಾನದಿಂದ ನಡೆದುಬಂದಿದೆ. ಮೇಲುನೋಟಕ್ಕೆ ಇದು ಗಣ ಕೂಡದ ಸಂಬಂಧ. ಒಂದು ಕೂತು ನುಡಿಸುವ ವಾದ್ಯ, ಇನ್ನೊಂದು ನಡೆಯುತ್ತಾ ಬಾರಿಸುವುದು. ಒಂದಕ್ಕೆ ಬೆರಳು, ಇನ್ನೊಂದಕ್ಕೆ ಕೋಲು. ಒಂದು ಬೈಠಕ್ಕಿನ ಇಪ್ಪತ್ತು ಕಿವಿಗಾಗಿ, ಇನ್ನೊಂದು ಮೈದಾನದ ಆಚೆ ತುದಿಗೆ ಕೇಳಲೆಂದು. ನಾದದ ವಿಷಯದಲ್ಲಂತೂ ಈ ಮದುವೆ ಕೂಡುವುದೇ ಇಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡೋಣ. ಆದರೆ ತಬಲಾದಲ್ಲಿ ನಾದದ ಜೊತೆ ಇನ್ನೆರಡು ಇವೆ: ಮಾತು ಮತ್ತು ಲೆಕ್ಕ. ಇವೆರಡಕ್ಕೂ ಯಾವ ಚರ್ಮವಾದರೂ ಸರಿ.

ಪ್ಯಾರಡಿಡಲ್ ಎಂಬ ಬೋಲು

ನಮ್ಮ ಶಾಲೆಗಳಲ್ಲಿ ಆಗಸ್ಟ್ 15ಕ್ಕೆ ಧೂಳು ಕೊಡವಿ ತೆಗೆಯುವ ಸೈಡ್ ಡ್ರಮ್ ಇದೆಯಲ್ಲ, ಅದನ್ನೇ ಅಮೆರಿಕದವರು ಸ್ನೇರ್ ಡ್ರಮ್ ಎನ್ನುವುದು. ಕೆಳಗಿನ ಮುಚ್ಚಿಗೆಗೆ ಒತ್ತಿ ಎಳೆದು ಕಟ್ಟಿದ ತಂತಿಗಳಿಂದ ಅದರ ‘ಚರ್ರ್’ ದನಿ ಹುಟ್ಟುತ್ತದೆ. ಮೂಲತಃ ಇದು ಸಂಗೀತಕ್ಕೆ ಹುಟ್ಟಿದ ವಾದ್ಯವೇ ಅಲ್ಲ. ಸೈನಿಕರನ್ನು ಎಬ್ಬಿಸಲು, ಊಟಕ್ಕೆ ಕರೆಯಲು, ಸಾಲುಗಟ್ಟಿಸಲು, ಹೆಜ್ಜೆ ಹಾಕಿಸಲು ಇದ್ದ ಸರ್ಕಾರಿ ಡಂಗುರ. ತುಪಾಕಿಯ ಹೊಗೆಯಲ್ಲಿ ಮಾತು ಕೇಳದ ಕಡೆಯೂ ಡ್ರಮ್ಮಿನ ಅಪ್ಪಣೆ ಕೇಳುತ್ತಿತ್ತು.

ಆ ಅಪ್ಪಣೆಗಳನ್ನು ಎಳೆಯ ಹುಡುಗರಿಗೆ ಕಲಿಸಲು ಪಾಠದ ತುಣುಕುಗಳು ಬೇಕಾದವು. ಚಾರ್ಲ್ಸ್ ಆಶ್‌ವರ್ತ್ ಎಂಬಾತ 1812ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚು ಹಾಕಿಸಿದ ಕೈಪಿಡಿಯಲ್ಲಿ ಅವನ್ನು ‘ರುಡಿಮೆಂಟ್’ ಎಂದು ಕರೆದ. ಮೊದಲ ಪಾಠ ಎಂದರ್ಥ. 1933ರಲ್ಲಿ ಶಿಕಾಗೋದಲ್ಲಿ ಡ್ರಮ್ ವಾದಕರು ಸಂಘ ಕಟ್ಟಿ, ಇಂಥ 26 ಪಾಠಗಳನ್ನು ಗೊತ್ತುಮಾಡಿದರು. 1984ರ ಹೊತ್ತಿಗೆ ಆ ಪಟ್ಟಿ 40ಕ್ಕೆ ಬಂದು ನಿಂತಿತು. ಇಂದಿಗೂ ಅದೇ ನಲವತ್ತು ಅಲ್ಲಿನ ಸರಳೆ ಜಂಟಿ.

ಆ ಪಾಠಗಳ ಹೆಸರುಗಳನ್ನೊಮ್ಮೆ ಬಾಯಿಬಿಟ್ಟು ಹೇಳಿನೋಡಿ. ಫ್ಲ್ಯಾಮ್. ಪ್ಯಾರಡಿಡಲ್. ರಾಟಮಕ್ಯೂ. ನಿಘಂಟಿನಲ್ಲಿ ಅರ್ಥ ಹುಡುಕಿ ಫಲವಿಲ್ಲ. ಡ್ರಮ್ ಎಬ್ಬಿಸುವ ಸದ್ದೇ ಅವುಗಳ ಅರ್ಥ. ಪ್ಯಾ–ರ–ಡಿ–ಡಲ್: ನಾಲ್ಕು ಅಕ್ಷರ, ನಾಲ್ಕು ಪೆಟ್ಟು. ಬಲಗೈ ಎರಡು, ಎಡಗೈ ಎರಡು ಎಂದು ಬರುವ ಉರುಳಿಕೆಗೆ ಹಳಬರು ‘ಡ್ಯಾಡಿ–ಮಮ್ಮಿ’ ಎನ್ನುತ್ತಿದ್ದರು. ಅಪ್ಪನಿಗೆ ಎರಡೇಟು, ಅಮ್ಮನಿಗೆ ಎರಡೇಟು. ಅಂದರೆ ಪೆಟ್ಟನ್ನು ಬಾಯಲ್ಲಿ ಹೇಳುವ ಬೋಲು ಎಂಬುದು ಭಾರತದ್ದಷ್ಟೇ ಸೊತ್ತಲ್ಲ. ಅವರ ಬೋಲುಗಳು ಕಾಗದಕ್ಕೆ ಏರಿದ ಮೇಲೆ ಬಾಯಿಂದ ಇಳಿದವು. ನಮ್ಮವು ಬಾಯಲ್ಲೇ ಉಳಿದವು. ವ್ಯತ್ಯಾಸ ಇಷ್ಟೇ.

ವಾದ್ಯಗಳೂ ತೀರಾ ಅಪರಿಚಿತವೇನಲ್ಲ. ನಮ್ಮ ಗುಡಿಗಳ ನಗಾರಿಯ ಮೂಲ ಅರಬ್ಬಿಯ ‘ನಕ್ಕಾರಾ’. ಅದೇ ವಾದ್ಯ ಮಧ್ಯಯುಗದಲ್ಲಿ ಯುರೋಪಿಗೆ ಹೋಗಿ ‘ನೇಕರ್’ ಆಯಿತು. ಯುರೋಪಿನ ಸೇನಾ ಬ್ಯಾಂಡಿಗೆ ದೊಡ್ಡ ಡ್ರಮ್ಮು, ಕಂಚಿನ ತಾಳ ಬಂದದ್ದು ತುರ್ಕಿಯ ಜಾನಿಸರಿ ಪಡೆಗಳ ವಾದ್ಯಮೇಳದಿಂದ. ದೂರದ ದಾಯಾದಿಗಳು ಬಹಳ ಕಾಲದ ಮೇಲೆ ಮತ್ತೆ ಎದುರಾದರು ಅನ್ನಿ.

ಬನಾರಸಿನಿಂದ ಕನೆಕ್ಟಿಕಟ್‌ಗೆ

ಎದುರಾದದ್ದು ಎಲ್ಲಿ? 1960ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯ ಭಾರತದ ಕಲಾವಿದರನ್ನು ಕರೆಸಿ ಪಾಠಕ್ಕೆ ಕೂರಿಸತೊಡಗಿತು. ಕನೆಕ್ಟಿಕಟ್ ರಾಜ್ಯದ ಒಂದು ಪುಟ್ಟ ಊರಿನಲ್ಲಿದೆ ಅದು. ವೀಣೆ ಧನಮ್ಮಾಳ್ ಅವರ ಮೊಮ್ಮಗ, ಮೃದಂಗದ ಟಿ. ರಂಗನಾಥನ್ ಅಲ್ಲಿ ನೆಲೆನಿಂತರು. ಮುಂದೆ ತಬಲಾ ಕಲಿಸಲು ಬಂದವರು ಪಂಡಿತ್ ಶಾರದಾ ಸಹಾಯ್. ಬನಾರಸ್ ಘರಾಣೆಯನ್ನು ಕಟ್ಟಿದ ರಾಮ್ ಸಹಾಯ್ ಅವರ ಮನೆತನದವರು.

ಅವರ ಮುಂದೆ ಕೂತ ಶಿಷ್ಯರಲ್ಲಿ ಒಬ್ಬ ಬಾಬ್ ಬೆಕರ್. ಪೆನ್ಸಿಲ್ವೇನಿಯಾದವ. ಪಾಶ್ಚಾತ್ಯ ತಾಳವಾದ್ಯಗಳಲ್ಲಿ ಆಗಲೇ ಪಳಗಿದ್ದ ಕೈ. 1971ರಲ್ಲಿ ಹುಟ್ಟಿದ ‘ನೆಕ್ಸಸ್’ ತಾಳವಾದ್ಯ ತಂಡದ ಸ್ಥಾಪಕರಲ್ಲಿ ಒಬ್ಬ. ಬನಾರಸಿನ ಪಾಠವನ್ನು ಆತ ಸ್ನೇರ್ ಡ್ರಮ್ಮಿಗೆ ಹೊಂದಿಸಿ, 1970ರ ದಶಕದಲ್ಲಿ ಒಂದು ಕೃತಿ ರಚಿಸಿದ. ಹೆಸರು ‘ಲಹರಾ’.

ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ. ತಬಲಾ ಸೋಲೋ ಕೇಳಿದವರಿಗೆ ಲಹರಾ ಗೊತ್ತು: ಹಾರ್ಮೋನಿಯಂ ಅಥವಾ ಸಾರಂಗಿ ಒಂದೇ ಒಂದು ಸಣ್ಣ ರಾಗದೆಳೆಯನ್ನು ಆವರ್ತನದಿಂದ ಆವರ್ತನಕ್ಕೆ ಬೇಸರಿಸದೆ ನುಡಿಸುತ್ತಾ ಹೋಗುವುದು. ಕೇಳುವವನಿಗೆ ಅದು ಗಡಿಯಾರದ ಮುಖ. ತಬಲಜಿ ಎಲ್ಲಿಗೆ ಓಡಿಹೋದರೂ ಮುಳ್ಳು ಎಲ್ಲಿದೆ ಎಂದು ಅದು ತೋರಿಸುತ್ತದೆ. ಬೆಕರ್ ಆ ರಾಗದೆಳೆಯನ್ನು ಉಳಿಸಿಕೊಂಡು, ತಬಲಾ ಇರಬೇಕಾದ ಕಡೆ ಸ್ನೇರ್ ಡ್ರಮ್ಮನ್ನು ಕೂರಿಸಿದ. ಮುಂದೆ 1990ರಲ್ಲಿ ಬರೆದ ‘ಮುದ್ರಾ’ ಎಂಬ ಐವರ ಕೃತಿಗೂ ಇದೇ ಬೇರು. ಆಮೇಲೆ ಈ ಎರಡು ವಿದ್ಯೆಗಳ ಲೆಕ್ಕಾಚಾರವನ್ನೇ ಹಿಡಿದು ‘ರುಡಿಮೆಂಟಲ್ ಅರಿತ್ಮೆಟಿಕ್’ ಎಂಬ ದಪ್ಪನೆಯ ಅಭ್ಯಾಸಪುಸ್ತಕ ತಂದ. ಡ್ರಮ್ ಕಲಿಯುವವರಿಗೆ ಅಂಕಗಣಿತ!

ಇತ್ತ ಇನ್ನೊಂದು ಭೇಟಿ ನಡೆದಿತ್ತು. ರಾಕ್ ತಂಡ ‘ಗ್ರೇಟ್‌ಫುಲ್ ಡೆಡ್’ನ ಡ್ರಮ್ಮರ್ ಮಿಕಿ ಹಾರ್ಟ್ ಹುಟ್ಟಿದ್ದೇ ಕವಾಯತು ಡ್ರಮ್ಮಿನವರ ಮನೆಯಲ್ಲಿ, ತಂದೆ ಆ ಶೈಲಿಯ ಸ್ಪರ್ಧೆಗಳಲ್ಲಿ ಗೆದ್ದವರು. ಮಗ 1960ರ ದಶಕದ ಕೊನೆಗೆ ಉಸ್ತಾದ್ ಅಲ್ಲಾ ರಖಾ ಅವರನ್ನು ಕಂಡು ಬೆರಗಾದ. ಅವರ ಮಗ ಜಾಕಿರ್ ಹುಸೇನ್ ಜೊತೆ ಬೆಳೆಸಿದ ಗೆಳೆತನ ‘ಪ್ಲಾನೆಟ್ ಡ್ರಮ್’ ಧ್ವನಿಮುದ್ರಿಕೆಯವರೆಗೆ ಬಂತು. ವಿಶ್ವಸಂಗೀತ ವಿಭಾಗದ ಮೊತ್ತಮೊದಲ ಗ್ರ್ಯಾಮಿ ಸಿಕ್ಕಿದ್ದು ಅದಕ್ಕೇ. ಹಾರ್ಟ್‌ನದು ಜಾತ್ರೆಯ ಸಂಭ್ರಮ, ಬೆಕರ್‌ನದು ಕಾಪಿಪುಸ್ತಕದ ಶಿಸ್ತು. ಇಲ್ಲಿ ನಮಗೆ ಬೇಕಾದದ್ದು ಕಾಪಿಪುಸ್ತಕ.

ಕೈಗಿಂತ ಮೊದಲು ಬಾಯಿ

ತಬಲಾ ಪಾಠದಲ್ಲಿ ಗುರು ಮೊದಲು ಕೊಡುವುದು ಪೆಟ್ಟನ್ನಲ್ಲ, ಮಾತನ್ನು. ಕೈಯಲ್ಲಿ ತಾಳ ಹಾಕುತ್ತಾ ಬೋಲುಗಳನ್ನು ಬಾಯಲ್ಲಿ ಹೇಳಬೇಕು. ಇದಕ್ಕೆ ಪಢಂತ್ ಎನ್ನುತ್ತಾರೆ. ಯಕ್ಷಗಾನದ ಹಿಮ್ಮೇಳ ಕಲಿತವರಿಗೆ ಇದು ಬಾಯಿತಾಳ. ಅಂದಹಾಗೆ, ಅಮೆರಿಕದಲ್ಲಿ ಹೊಸತೆನಿಸುವ ಸಂಗತಿ ನಮ್ಮ ಕರಾವಳಿಯಲ್ಲಿ ಹಳೆಯದು: ಒಂದೇ ರಂಗಸ್ಥಳದಲ್ಲಿ ಬೆರಳಿನ ಮದ್ದಳೆಯೂ ಕೋಲಿನ ಚೆಂಡೆಯೂ ಕೂಡಿ ಒಂದೇ ಮುಕ್ತಾಯಕ್ಕೆ ಬಂದು ನಿಲ್ಲುತ್ತವೆ. ಕೈಯ ಮಾತನ್ನು ಕೋಲಿಗೆ ದಾಟಿಸುವುದು ಹೇಗೆಂದು ಚೆಂಡೆಯವರನ್ನು ಕೇಳಿದರೆ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಕ್ಕಿಲ್ಲ.

ಕಾಗದ ನೋಡಿ ನುಡಿಸಿ ಅಭ್ಯಾಸವಾದ ಪಾಶ್ಚಾತ್ಯ ಡ್ರಮ್ಮರಿಗೆ ಮೊದಲ ಕಷ್ಟ ಇಲ್ಲೇ. ಆತನ ಕಣ್ಣು ಚುರುಕು, ಕೈ ಇನ್ನೂ ಚುರುಕು, ನಾಲಿಗೆ ಮಾತ್ರ ಮಂದ. ತಾಳ ಹಾಕಲು ಕೈಗೆ ಬಿಡುವಿಲ್ಲದ್ದರಿಂದ ಆ ಕೆಲಸ ಕಾಲಿಗೆ ಬರುತ್ತದೆ. ನಿಂತಲ್ಲೇ ಹೆಜ್ಜೆ ಹಾಕುತ್ತಾ ಬೋಲು ಹೇಳುವುದು, ಅದು ಗಟ್ಟಿಯಾದ ಮೇಲೆ ಕೋಲು ಎತ್ತುವುದು. ಈ ಕ್ರಮ ತಪ್ಪಿಸಿ ಮೊದಲೇ ಸ್ವರಲಿಪಿ ನೋಡಿ ಬಾರಿಸಿದರೆ ಕಾಯ್ದಾ ಬರುತ್ತದೆ, ಆದರೆ ಬರೀ ಪೆಟ್ಟುಗಳ ಎಣಿಕೆಯಾಗಿ ಬರುತ್ತದೆ. ಅದರ ಉಸಿರು ಎಲ್ಲಿ ಎನ್ನುವುದು ನಾಲಿಗೆಗೆ ಮಾತ್ರ ಗೊತ್ತು.

ಕಾಯ್ದಾ ಎಂದರೇನು? ನಮ್ಮ ವಿಧಾನಸಭೆ ಮಾಡುವ ಕಾಯ್ದೆಯೂ ತಬಲಾದ ಕಾಯ್ದಾವೂ ಒಂದೇ ಅರಬ್ಬಿ ಪದದ ಮಕ್ಕಳು. ಎರಡರ ಅರ್ಥವೂ ನಿಯಮ. ಒಂದು ಸಣ್ಣ ಮುಖಬೋಲು ಕೊಟ್ಟು, ಇದರಲ್ಲಿರುವ ಅಕ್ಷರಗಳನ್ನಷ್ಟೇ ಹಿಂದುಮುಂದು ಮಾಡಿ ಹಿಗ್ಗಿಸು, ಹೊಸದನ್ನು ಸೇರಿಸಬೇಡ ಎನ್ನುತ್ತದೆ. ದಿಲ್ಲಿಯ ಪ್ರಸಿದ್ಧ ಮೊದಲ ಪಾಠ ಹೀಗಿದೆ:

ಧಾ ಧಾ ತಿ ಟ | ಧಾ ಧಾ ತಿ ನಾ
ತಾ ತಾ ತಿ ಟ | ಧಾ ಧಾ ಧಿ ನಾ

ಎರಡನೆಯ ಸಾಲಿನ ಮೊದಲರ್ಧ ನೋಡಿ. ‘ಧಾ’ ಇದ್ದಲ್ಲಿ ‘ತಾ’ ಬಂದಿದೆ. ಧಾ ಎಂದರೆ ಎರಡು ಕೈಯ ಪೆಟ್ಟು: ಬಲಗೈ ತಬಲಾದ ಮೇಲೆ, ಎಡಗೈ ಡಗ್ಗಾದ ಮೇಲೆ. ಎಡಗೈಯ ಗುಮ್ಮೆನ್ನುವ ದನಿಯನ್ನು ತೆಗೆದುಬಿಟ್ಟರೆ ಉಳಿಯುವುದು ತಾ. ಇದೇ ಖಾಲಿ. ತುಂಬಿದ್ದು ಭರಿ. ಇಡೀ ಉತ್ತರಾದಿ ತಾಳಪದ್ಧತಿ ಈ ತುಂಬು–ಖಾಲಿಗಳ ಮೇಲೆ ಉಸಿರಾಡುತ್ತದೆ.

ಈಗ ಕೈಗಳ ಲೆಕ್ಕ. ‘ತಿರಕಿಟ’ವನ್ನು ತಬಲಾದಲ್ಲಿ ಸಾಮಾನ್ಯವಾಗಿ ನುಡಿಸುವುದು ಬಲ–ಬಲ–ಎಡ–ಬಲ ಎಂದು. ಪ್ಯಾರಡಿಡಲ್ ಏನು? ಬಲ–ಎಡ–ಬಲ–ಬಲ, ಎಡ–ಬಲ–ಎಡ–ಎಡ. ಅದರ ಮೂರನೆಯ ಪೆಟ್ಟಿನಿಂದ ಎಣಿಸಲು ಶುರುಮಾಡಿ: ಬಲ–ಬಲ–ಎಡ–ಬಲ. ತಿರಕಿಟವೇ! ಶಿಕಾಗೋದವರ ಪಟ್ಟಿಯೊಳಗೆ ತಿರಕಿಟ ಮೊದಲಿನಿಂದಲೂ ಬಚ್ಚಿಟ್ಟುಕೊಂಡು ಕೂತಿತ್ತು. ಒಂದು ತೊಡಕಿದೆ. ತಬಲಜಿಯ ‘ತಿ’ಗೆ ಒಂದು ಬೆರಳು, ‘ರ’ಗೆ ಇನ್ನೊಂದು. ಡ್ರಮ್ಮರಿಗೆ ಕೈಗೊಂದೇ ಕೋಲು. ಆದ್ದರಿಂದ ಮೊದಲ ಪೆಟ್ಟಿನ ಪುಟಿತದಲ್ಲೇ ಎರಡನೆಯದನ್ನು ಹಿಡಿಯಬೇಕು. ಗುಂಡು ನಿರೋಧಕ ಜಾಕೆಟ್ಟಿಗೆ ಹಾಕುವ ಕೆವ್ಲಾರ್ ನೂಲಿನಿಂದ ನೇಯ್ದ ಮುಚ್ಚಿಗೆ ಇಂದಿನ ಕವಾಯತಿನ ಸ್ನೇರ್ ಡ್ರಮ್ಮಿನದು. ಮೇಜಿನ ಹಲಗೆಯಷ್ಟು ಬಿಗಿ. ಪುಟಿತಕ್ಕೇನೂ ಕೊರತೆಯಿಲ್ಲ.

ಧಾಗೆ ಏನು ಮಾಡುವುದು? ಸುಲಭದ ದಾರಿ ಫ್ಲ್ಯಾಮ್: ಒಂದು ಕೋಲು ಕೂದಲೆಳೆ ಮುಂಚೆ, ಇನ್ನೊಂದು ಹಿಂದೆಯೇ. ಎರಡು ಕೈ ಸೇರಿದ್ದಂತೂ ಆಯಿತು. ಆದರೆ ಡಗ್ಗಾ?

ಡಗ್ಗಾ ಇಲ್ಲದ ಊರು

ಇಲ್ಲಿಗೆ ನಿಜವಾದ ಗೋಡೆ ಎದುರಾಗುತ್ತದೆ. ತಬಲಾಕ್ಕೆ ಶ್ರುತಿ ಇದೆ, ಸ್ನೇರ್ ಡ್ರಮ್ಮಿಗೆ ಇಲ್ಲ. ಬರೀ ಚರ್ಮ ಎಳೆದು ಕಟ್ಟಿದ ಯಾವ ವಾದ್ಯವೂ ಒಂದಕ್ಕೊಂದು ಹೊಂದದ ಸ್ವರಗಳನ್ನೇ ಒಟ್ಟಿಗೆ ಹೊಮ್ಮಿಸುತ್ತದೆ. ಕಿವಿಗೆ ಅದು ಬರಿಯ ಸದ್ದು. ತಬಲಾ, ಮೃದಂಗಗಳ ನಡುವಿನ ಕರಿಯ ಲೇಪ ಆ ಸ್ವರಗಳನ್ನು ತಿದ್ದಿ ತಂತಿವಾದ್ಯದ ಹಾಗೆ ಸಾಲಾಗಿ ಕೂರಿಸುತ್ತದೆ. ಇದನ್ನು ಮೊದಲು ವಿಜ್ಞಾನದ ಭಾಷೆಯಲ್ಲಿ ಹೇಳಿದವರು ಸಿ.ವಿ. ರಾಮನ್. 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಚಿಕ್ಕದಾಗಿ, 1934ರಲ್ಲಿ ಬೆಂಗಳೂರಿನಿಂದ ವಿಸ್ತಾರವಾಗಿ. ಡಗ್ಗಾದ ವಿಷಯ ಇನ್ನೂ ಸೂಕ್ಷ್ಮ. ಮಣಿಕಟ್ಟು ಒತ್ತಿ ಜಾರಿಸಿದಂತೆ ಅದರ ದನಿ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ, ಬಹುತೇಕ ಮಾತಾಡುತ್ತದೆ. ಹೆಗಲ ಮೇಲಿನ ಡ್ರಮ್ಮಿನಲ್ಲಿ ಇದಾವುದೂ ಆಗದ ಮಾತು.

ಆದರೆ ಕವಾಯತಿನಲ್ಲಿ ಡ್ರಮ್ ಒಬ್ಬನದಲ್ಲ. ಸ್ನೇರ್ ಸಾಲಿನ ಪಕ್ಕದಲ್ಲಿ ಟೆನರ್‌ನವರಿರುತ್ತಾರೆ. ಒಬ್ಬೊಬ್ಬರ ಹೊಟ್ಟೆಯ ಮುಂದೆ ನಾಲ್ಕೈದು ಬೇರೆ ಬೇರೆ ಗಾತ್ರದ ಡ್ರಮ್ಮು, ನಮ್ಮ ಜಲತರಂಗದ ಬಟ್ಟಲುಗಳ ಹಾಗೆ. ಅದರಾಚೆ ಬೇಸ್ ಡ್ರಮ್ಮಿನ ಸಾಲು. ಚಿಕ್ಕದರಿಂದ ದೊಡ್ಡದಕ್ಕೆ ಐದು ಮಂದಿ, ಐದು ದನಿ. ಈ ಬೇಸ್ ಸಾಲಿನವರ ವಿದ್ಯೆ ವಿಚಿತ್ರ. ಒಬ್ಬನೇ ಪೂರ್ತಿ ವಾಕ್ಯ ಬಾರಿಸುವುದು ಅಪರೂಪ. ಒಂದು ಪೆಟ್ಟು ಇವನದು, ಮುಂದಿನದು ಪಕ್ಕದವನದು. ಪಂಕ್ತಿಯೂಟದಲ್ಲಿ ಒಬ್ಬ ಉಪ್ಪು, ಹಿಂದೆಯೇ ಒಬ್ಬ ಕೋಸಂಬರಿ, ಅವನ ಹಿಂದೆ ಪಲ್ಯ ಬಡಿಸುತ್ತಾ ಹೋದಂತೆ. ಯಾರಾದರೊಬ್ಬ ತಡವರಿಸಿದರೆ ಇಡೀ ಪಂಕ್ತಿ ಕಂಗಾಲು.

ತಬಲಾದ ರಚನೆಯನ್ನು ಈ ಪಡೆಗೆ ಹಂಚುವುದೇ ಹೊಂದಿಸುವವನ ನಿಜವಾದ ಜಾಣ್ಮೆ. ಚಾಟಿಯ, ಅಂದರೆ ತಬಲಾದ ಅಂಚಿನ, ಮತ್ತು ಬೆರಳಿನ ಬೋಲುಗಳು ಸ್ನೇರಿಗೆ. ಡಗ್ಗಾದ ‘ಘೆ’ಗಳು ಬೇಸಿಗೆ. ಜಾರುವ ಗುಮಕಿಯ ಬದಲು ಚಿಕ್ಕ ಬೇಸಿನಿಂದ ದೊಡ್ಡದಕ್ಕೆ ಐದು ಪೆಟ್ಟು ಮೆಟ್ಟಿಲಿಳಿದಂತೆ ಬಂದರೆ ಜಾರಿಕೆಯ ನೆನಪಾದರೂ ಬರುತ್ತದೆ. ಲಹರಾ ಮೈದಾನದ ಅಂಚಿನಲ್ಲಿ ನೆಲಕ್ಕೆ ಊರಿ ನಿಲ್ಲಿಸಿದ ಮರಿಂಬಾ, ವೈಬ್ರಾಫೋನ್‌ಗಳ ಪಾಲಿಗೆ.

ಖಾಲಿ ಬಂದಾಗ ಏನು? ಇಡೀ ಬೇಸ್ ಸಾಲು ಕೈ ಕಟ್ಟಿ ನಿಲ್ಲುತ್ತದೆ. ಅಷ್ಟೇ. ಐದು ದೊಡ್ಡ ಡ್ರಮ್ಮುಗಳು ಏಕ್‌ದಮ್ ಸುಮ್ಮನಾದಾಗ ಮೈದಾನದ ನೆಲವೇ ಸರಿದಂತಾಗುತ್ತದೆ. ಸ್ನೇರಿನವರು ಆ ಹೊತ್ತಿಗೆ ಕೋಲಿನ ಎತ್ತರ ಇಳಿಸುತ್ತಾರೆ. ಕವಾಯತಿನಲ್ಲಿ ಗಟ್ಟಿ–ಮೆಲುವನ್ನು ಹೇಳುವುದೇ ಇಂಚುಗಳಲ್ಲಿ. ಭರಿಗೆ 12 ಇಂಚು ಎತ್ತಿದ ಕೋಲು ಖಾಲಿಗೆ 3 ಇಂಚು. ನನ್ನ ಮಟ್ಟಿಗೆ ಈ ಇಡೀ ಪ್ರಯೋಗದ ಗೆಲುವು ಇದೊಂದೇ ಕ್ಷಣದಲ್ಲಿದೆ. ಎಷ್ಟೋ ತಬಲಾ ಕಛೇರಿಗಳಲ್ಲಿ ಹಿಂದಿನ ಸಾಲಿನವರಿಗೆ ಕೇಳದೇ ಹೋಗುವ ಖಾಲಿ ಇಲ್ಲಿ ಕಿವಿಗೂ ಕೇಳುತ್ತದೆ, ಕಣ್ಣಿಗೂ ಕಾಣುತ್ತದೆ.

ಹದಿನಾರು ಹೆಜ್ಜೆ, ಹತ್ತು ಗಜ

ಕೂತವನಿಗೆ ಇಲ್ಲದ ಇನ್ನೊಂದು ಫಜೀತಿ ನಡೆಯುವವನಿಗಿದೆ. ಮನುಷ್ಯನಿಗೆ ಕಾಲು ಎರಡೇ.

ಅಮೆರಿಕದ ಬ್ಯಾಂಡುಗಳ ರೂಢಿಯ ಹೆಜ್ಜೆ 5 ಗಜಕ್ಕೆ 8. ಅಂದರೆ ಹೆಜ್ಜೆಗೆ ಇಪ್ಪತ್ತೆರಡೂವರೆ ಇಂಚು. ಫುಟ್‌ಬಾಲ್ ಮೈದಾನದಲ್ಲಿ ಐದೈದು ಗಜಕ್ಕೆ ಬಿಳಿ ಗೆರೆ ಎಳೆದಿರುತ್ತದೆ, ಸಾಲು ನೆಟ್ಟಗಿದೆಯೇ ಎಂದು ನೋಡಿಕೊಳ್ಳುವುದು ಅದರಿಂದಲೇ. ಮಾತ್ರೆಗೊಂದು ಹೆಜ್ಜೆಯಂತೆ ತೀನ್‌ತಾಲಿನ 16 ಮಾತ್ರೆಗೆ 16 ಹೆಜ್ಜೆ, ಸರಿಯಾಗಿ 10 ಗಜ. ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಪ್ರತಿಸಲವೂ ಗೆರೆಯ ಮೇಲೇ ಬೀಳುತ್ತದೆ. 9ನೆಯ ಮಾತ್ರೆಯ ಖಾಲಿ ನಡುವಿನ ಗೆರೆಯ ಮೇಲೆ. ಹತ್ತು ಆವರ್ತನಕ್ಕೆ 100 ಗಜದ ಮೈದಾನ ಮುಗಿಯಿತು. ತೀನ್‌ತಾಲನ್ನು ಅಮೆರಿಕದ ಮೈದಾನಕ್ಕೆಂದೇ ಅಳತೆ ಕೊಟ್ಟು ಹೊಲಿಸಿದಂತಿದೆ.

ಝಪ್‌ತಾಲಿಗೆ ಬನ್ನಿ. 10 ಮಾತ್ರೆ, 2–3–2–3. ಹತ್ತು ಹೆಜ್ಜೆಗೆ ಆರೂಕಾಲು ಗಜ. ಸಮ್ ಗೆರೆ ತಪ್ಪಿತು. ನಾಲ್ಕು ಆವರ್ತನ ಕಳೆದು 25 ಗಜವಾದಾಗಲೇ ಮತ್ತೆ ಗೆರೆ ಸಿಗುವುದು. ಕಾಲಿನ ಲೆಕ್ಕ ಇನ್ನೂ ಸೊಗಸು. ಕವಾಯತು ಎಡಗಾಲಿನಿಂದ ಹೊರಡುವುದರಿಂದ ಒಂದು, ಮೂರನೆಯ ಮಾತ್ರೆಗಳು ಎಡಕ್ಕೆ; ಖಾಲಿ ಬರುವ ಆರನೆಯದೂ, ಅದರಾಚೆಯ ಎಂಟನೆಯದೂ ಬಲಕ್ಕೆ. ತಾಳದ ಅರ್ಧ ಎಡಗಾಲಿನದು, ಅರ್ಧ ಬಲಗಾಲಿನದು. ‘ಲೆಫ್ಟ್ ಎಂದರೆ ಗಟ್ಟಿ’ ಎಂದು ಎಳವೆಯಿಂದ ರೂಢಿಯಾದ ಮೈಗೆ ಇದು ಮೊದಮೊದಲು ಮುಗ್ಗರಿಸುವ ಹಾಗೆ ಮಾಡುತ್ತದೆ.

ರೂಪಕ್ ತಾಲದ್ದು ಕೇಳಲೇಬೇಡಿ. 7 ಮಾತ್ರೆ, ಅದೂ ಸಮ್ ಬೀಳುವ ಕಡೆಯೇ ಖಾಲಿ. ಒಂದು ಆವರ್ತನ ಎಡಗಾಲಿನಿಂದ ಶುರುವಾದರೆ ಮುಂದಿನದು ಬಲಗಾಲಿನಿಂದ. ಹದಿನಾಲ್ಕು ಹೆಜ್ಜೆ ಆಗುವವರೆಗೆ ಮೂಲಸ್ಥಿತಿಗೆ ಬರುವಂತಿಲ್ಲ. ನಮ್ಮ ಕೋಲಾಟದವರು, ಡೊಳ್ಳಿನವರು ಬೆಸ ಲೆಕ್ಕದ ಹೆಜ್ಜೆ ಬಂದಾಗ ಒಂದು ಜಿಗಿತ ಸೇರಿಸಿ ಸರಿದೂಗಿಸಿಕೊಳ್ಳುತ್ತಾರೆ. ಕವಾಯತಿನಲ್ಲಿ ಜಿಗಿಯುವಂತಿಲ್ಲ. ಹಾಗಾಗಿ ನಡೆಯುತ್ತಾ ನುಡಿಸಲು ತೀನ್‌ತಾಲ್, ನಿಂತು ನುಡಿಸಲು ಉಳಿದವು ಎಂದು ಹೆಚ್ಚಿನವರು ರಾಜಿಯಾಗುವುದೇ ಜಾಣತನ.

ಮೂರು ಸಲ ಹೇಳಿ ಮುಗಿಸು

ತಬಲಾ ತಿಳಿಯದವರೂ ಕಛೇರಿಯಲ್ಲಿ ತಲೆದೂಗುವುದು ತಿಹಾಯಿಗೆ. ಒಂದು ತುಂಡನ್ನು ಮೂರು ಸಲ ಹೇಳಿ, ಮೂರನೆಯದರ ಕೊನೆಯ ಪೆಟ್ಟು ಸಮ್ ಮೇಲೆ ಬೀಳುವಂತೆ ಲೆಕ್ಕ ಹಾಕುವುದು. ಮೃದಂಗದವರು ಮೋರಾ ಎನ್ನುವುದು ಇದರ ಅಣ್ಣನನ್ನೇ. ಕವಾಯತಿನ ಡ್ರಮ್ಮಿಗೆ ಯಾವುದೇ ತಗಾದೆಯಿಲ್ಲದೆ ಒಗ್ಗುವುದು ಇದೇ, ಏಕೆಂದರೆ ಇದು ಶುದ್ಧ ಲೆಕ್ಕ.

‘ತಿಟ ಕತ ಗದಿ ಗನ ಧಾ’ ಎಂಬ ಚಿರಪರಿಚಿತ ತುಂಡನ್ನು ತೆಗೆದುಕೊಳ್ಳಿ. ಎರಡಕ್ಷರಕ್ಕೊಂದು ಮಾತ್ರೆಯಂತೆ ನಾಲ್ಕು, ಕೊನೆಯ ಧಾ ಸೇರಿ ಐದು ಮಾತ್ರೆ. ಒಮ್ಮೆ ಹೇಳಿ ಒಂದು ಮಾತ್ರೆ ಸುಮ್ಮನಿರಿ. ಮತ್ತೆ ಹೇಳಿ, ಒಂದು ಮಾತ್ರೆ ಸುಮ್ಮನಿರಿ. ಮೂರನೆಯ ಸಲ ಹೇಳಿ. ಐದು, ಒಂದು, ಐದು, ಒಂದು, ಐದು: ಹದಿನೇಳು. ತೀನ್‌ತಾಲಿನ ಹದಿನೇಳನೆಯದೆಂದರೆ ಮುಂದಿನ ಆವರ್ತನದ ಒಂದನೆಯದು. ಸಮ್ ಮೇಲೆ ಹೊರಟು ಸಮ್ ಮೇಲೆ ಇಳಿದಿರಿ. ನಡೆಯುತ್ತಾ ಹೇಳಿದರೆ ಇನ್ನೊಂದು ಚೆಂದ ಕಾಣುತ್ತದೆ. ಮೂರು ಧಾಗಳು ಬೀಳುವುದು 5, 11 ಮತ್ತು 17ನೆಯ ಹೆಜ್ಜೆಗೆ. ಮೂರೂ ಎಡಗಾಲು.

ಈ ತಿಹಾಯಿಯನ್ನು ಬಾಲದಲ್ಲಿಟ್ಟುಕೊಂಡ ಒಂದು ಪೂರ್ತಿ ತುಕಡಾವನ್ನೇ ಮೂರು ಸಲ ನುಡಿಸಿದರೆ ಚಕ್ರದಾರ್. ಒಂಬತ್ತನೆಯ ಧಾ ಸಮ್ ಮೇಲೆ. ಡ್ರಮ್ ಪಡೆಗೆ ಇದು ಹಬ್ಬ. ಮೊದಲ ಸುತ್ತು ಸ್ನೇರ್, ಎರಡನೆಯದು ಟೆನರ್, ಮೂರನೆಯದಕ್ಕೆ ಬೇಸ್ ಸೇರಿ ಎಲ್ಲರೂ. ತಾಳ ಗೊತ್ತಿಲ್ಲದ ಪ್ರೇಕ್ಷಕನೂ ಎರಡನೆಯ ಸುತ್ತಿನಲ್ಲಿ ವಾಸನೆ ಹಿಡಿದು, ಮೂರನೆಯದರಲ್ಲಿ ಸೀಟಿನ ತುದಿಗೆ ಬಂದಿರುತ್ತಾನೆ.

ದಕ್ಕದೇ ಉಳಿದದ್ದು

ಹೊಗಳಿಕೆ ಸಾಕು. ಕಳೆದುಕೊಳ್ಳುವುದೂ ಇದೆ, ಅದು ಚಿಕ್ಕದೇನಲ್ಲ.

ಕಾಯ್ದಾದ ಜೀವ ಅದರ ಪಲ್ಟಾದಲ್ಲಿದೆ. ಮುಖಬೋಲನ್ನು ತಬಲಜಿ ಆ ಗಳಿಗೆಯಲ್ಲೇ ತಿರುವಿಹಾಕಿ, ಈ ಸಲ ಹೀಗೆ, ಮುಂದಿನ ಸಲ ಹಾಗೆ ಎಂದು ಬೆಳೆಸುತ್ತಾನೆ. ಒಂಬತ್ತು ಮಂದಿ ಒಂದೇ ಉಸಿರಿನಲ್ಲಿ ಬಾರಿಸಬೇಕಾದ ಕಡೆ ಇದು ಸಾಧ್ಯವೇ ಇಲ್ಲ. ಪಲ್ಟಾಗಳನ್ನು ಮೊದಲೇ ಗೊತ್ತುಮಾಡಿ, ತಿಂಗಳುಗಟ್ಟಲೆ ತಿಕ್ಕಿ, ಕೂದಲೆಳೆ ವ್ಯತ್ಯಾಸ ಬಾರದಂತೆ ಮಾಡಬೇಕು. ಆಗ ಕಾಯ್ದಾ ಹರಿಯುವ ನೀರಾಗಿ ಉಳಿಯದೆ ಬಾಟಲಿಯ ನೀರಾಗುತ್ತದೆ. ಕುಡಿಯಲು ಅಡ್ಡಿಯಿಲ್ಲ, ಆದರೆ ಹೊಳೆ ಎನ್ನಲಾಗದು. ಈ ದೃಷ್ಟಿಯಿಂದ ನೋಡಿದರೆ, ಮೊದಲೇ ಗಟ್ಟಿಯಾಗಿ ಕಟ್ಟಿಟ್ಟ ಗತ್, ತುಕಡಾ, ಚಕ್ರದಾರ್‌ಗಳು ಡ್ರಮ್ ಸಾಲಿಗೆ ಕಾಯ್ದಾಕ್ಕಿಂತ ಹೆಚ್ಚು ಸಲ್ಲುತ್ತವೆ.

ಘರಾಣೆಗಳಲ್ಲೂ ಹೀಗೆಯೇ. ದಿಲ್ಲಿಯದು ಎರಡು ಬೆರಳಿನ ಬಾಜ್, ಅಂದರೆ ನುಡಿಸುವ ಶೈಲಿ. ತಬಲಾದ ಅಂಚಿನಲ್ಲಿ, ಚಾಟಿಯ ಮೇಲೆ ಮೂಡುವ ತೆಳ್ಳನೆಯ ನಾದವೇ ಅದರ ಸೊಬಗು. ಕೋಲಿಗೆ ಅದು ಸಿಗುವುದಿಲ್ಲ, ಸಿಕ್ಕಂತೆ ನಟಿಸುವುದು ಬೇಡ. ಬನಾರಸಿನದೋ ಪಖಾವಜಿನ ನೆರಳಿರುವ ತೆರೆದ ಅಂಗೈಯ ಬಾಜ್, ಕಛೇರಿ ಆರಂಭಕ್ಕೆ ಗುಡುಗುವ ಉಠಾನ್ ಬೇರೆ. ಮೈದಾನಕ್ಕೆ ಹೇಳಿ ಮಾಡಿಸಿದ್ದು. ಬೆಕರ್‌ಗೆ ಸಿಕ್ಕ ಗುರು ಬನಾರಸಿನವರಾದದ್ದು ಈ ವಿದ್ಯೆಯ ಅದೃಷ್ಟ ಎಂದೇ ನನ್ನ ಎಣಿಕೆ.

ನಮ್ಮ ಸೈಡ್ ಡ್ರಮ್ಮಿನ ಕಥೆ

ಭಾರತದಲ್ಲಿ ಕವಾಯತು ಬ್ಯಾಂಡುಗಳಿಗೆ ಬರವಿಲ್ಲ. ಸೇನೆಯ ವಾದಕರನ್ನು ತಯಾರು ಮಾಡುವ ಸೇನಾ ಸಂಗೀತ ಶಾಲೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ. 1950ರಲ್ಲಿ ಅದು ಶುರುವಾದದ್ದು ಆಗಿನ ಸೇನಾ ಮುಖ್ಯಸ್ಥರಾಗಿದ್ದ ಕೊಡಗಿನ ಕೆ.ಎಂ. ಕಾರ್ಯಪ್ಪ ಅವರ ಆಸರೆಯಲ್ಲಿ. ಪ್ರತಿವರ್ಷ ಜನವರಿ 29ರ ಸಂಜೆ ದಿಲ್ಲಿಯ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್‌ನಲ್ಲಿ ಈಗ ಭಾರತೀಯ ಧಾಟಿಗಳದೇ ಮೇಲುಗೈ. ಮೈಸೂರಿನಲ್ಲಂತೂ ಅರಸರ ಕಾಲದ ಅರಮನೆ ಬ್ಯಾಂಡಿನ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿದು, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳಲ್ಲಿ ತ್ಯಾಗರಾಜರ ಕೃತಿಗಳನ್ನು ನಾವು ಕೇಳುತ್ತೇವೆ.

ರಾಗ ಬಂತು. ತಾಳದ ಮಾತು ಮಾತ್ರ ಅಷ್ಟಾಗಿ ಬರಲಿಲ್ಲ. ಕಹಳೆಗಳು ದೇಶಿಯಾದರೂ ಸೈಡ್ ಡ್ರಮ್ ಇನ್ನೂ ಕಂಪನಿ ಸರ್ಕಾರದ ನೌಕರಿಯಲ್ಲೇ ಇದೆ. ಶಾಲೆಯಲ್ಲಿ ನಾನು ಬಾರಿಸಿದ್ದೂ ಅದನ್ನೇ. ಹೇಳಿಕೊಟ್ಟ ಒಂದೇ ಒಂದು ಪೆಟ್ಟಿನ ಸಾಲನ್ನು ಮೂರು ವರ್ಷ, ಪಥಸಂಚಲನದ ಮೇಲೆ ಪಥಸಂಚಲನ. ಅದೇ ಶಾಲೆಯ ಮಹಡಿಯಲ್ಲಿ ಶನಿವಾರ ತಬಲಾ ತರಗತಿ ನಡೆಯುತ್ತಿತ್ತು. ಮಹಡಿಯ ತಿರಕಿಟ ಮೆಟ್ಟಿಲಿಳಿದು ಮೈದಾನಕ್ಕೆ ಬರಬಹುದೆಂದು ಯಾರಿಗೂ, ನನಗೂ, ಹೊಳೆಯಲಿಲ್ಲ.

ಧಾರವಾಡ, ಹುಬ್ಬಳ್ಳಿ, ಗದಗ, ಕಲಬುರಗಿಗಳಲ್ಲಿ ತಬಲಾ ಹೇಳಿಕೊಡುವವರಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕೊನ್ನಕೋಲು ಮೃದಂಗಗಳನ್ನು ಹೊರದೇಶದವರಿಗೂ ಕಲಿಸಿದೆ. ಶಾಲೆಗಳ ಉಗ್ರಾಣಗಳಲ್ಲಿ ಸೈಡ್ ಡ್ರಮ್ಮುಗಳು ಇದ್ದೇ ಇವೆ. ಇವರನ್ನೂ ಅವುಗಳನ್ನೂ ಒಂದು ಮಧ್ಯಾಹ್ನ ಒಂದೇ ಕೋಣೆಗೆ ತರುವುದಕ್ಕೆ ಹಣ ಬೇಕಿಲ್ಲ.

ಶಾಲಾ ಬ್ಯಾಂಡಿನ ಹೊಣೆ ಹೊತ್ತ ಮೇಷ್ಟ್ರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಈ ಸಲ ತಾಲೀಮು ಶುರುವಾದ ದಿನ ಡ್ರಮ್ಮುಗಳನ್ನು ಬೀರುವಿನಿಂದ ತೆಗೆಯಬೇಡಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಗಾಲಿನಿಂದ ನಡೆಸಿ, ‘ತಿಟ ಕತ ಗದಿ ಗನ ಧಾ’ ಎಂದು ಬಾಯಲ್ಲಿ ಮೂರು ಸಲ ಹೇಳಿಸಿ. ನಡುನಡುವೆ ಒಂದೊಂದು ಹೆಜ್ಜೆ ಮೌನ. ಹದಿನೇಳನೆಯ ಹೆಜ್ಜೆಗೆ ಎಲ್ಲರ ಎಡಗಾಲೂ ಕೊನೆಯ ಧಾ ಕೂಡ ಒಟ್ಟಿಗೆ ನೆಲಕ್ಕೆ ಬಿದ್ದ ದಿನ ಕೋಲು ಕೈಗೆ ಕೊಡಿ.